ಸಪೂರ ಇರುವುದು ರೋಗವಲ್ಲ

ನಮ್ಮ ಕಾಸರಗೋಡು ಕಡೆಯ ಬದಿಯಡ್ಕದ ಏಪ್ರಿಲ್ ಸೆಕೆ ಗೊತ್ತಲ್ವಾ? ಅಂಥ ಸೆಕೆಯಲ್ಲಿ 24 ವರ್ಷದ ಹುಡುಗನೊಬ್ಬ ಒಂದರ ಮೇಲೊಂದು ಎರಡು ಟೀ ಶರ್ಟ್ ಹಾಕಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದ. ಅಪ್ಪ ಹೊರಗೆ ಬೆಂಚಿನಲ್ಲಿ ಕೂತಿದ್ದರು. ಬಾಗಿಲು ಮುಚ್ಚಿದ್ದು ನೋಡಿಕೊಂಡು ಮೆಲ್ಲಗೆ ಹೇಳಿದ, "ಡಾಕ್ಟ್ರೇ, ಎದೆಯಲ್ಲಿ ಗಂಟು. ಮುಟ್ಟಿದರೆ ನೋವು." (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.)

ಎರಡೂ ಮೊಲೆತೊಟ್ಟಿನ ಕೆಳಗೆ ನಾಣ್ಯದಷ್ಟು ಅಗಲದ ಗಟ್ಟಿ ಗಂಟು. ತೋಳು, ಭುಜ ಚೆನ್ನಾಗಿ ಬೆಳೆದಿತ್ತು. ಬೆನ್ನ ತುಂಬ ಮೊಡವೆ.

"ಇಂಜೆಕ್ಷನ್ ತಗೊಳ್ತಿದ್ದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೌದೆಂದ. ಗೆಳೆಯನೊಬ್ಬ ತಂದುಕೊಟ್ಟಿದ್ದು, ಮೂರು ತಿಂಗಳಿಂದ. ಯಾಕೆ ಎಂದರೆ, "ನಾನು ತುಂಬಾ ಸಪೂರ ಅಲ್ವಾ" ಎಂದ. ತೂಕ ನೋಡಿದರೆ 80 ಕಿಲೋ!

ಇದು ಸುಳ್ಳಲ್ಲ, ಸೋಗೂ ಅಲ್ಲ. ಅವನಿಗೆ ಕನ್ನಡಿಯಲ್ಲಿ ಹಾಗೆಯೇ ಕಾಣುತ್ತದೆ. ಇದಕ್ಕೆ ಮಸಲ್ ಡಿಸ್ಮಾರ್ಫಿಯ ಎನ್ನುತ್ತಾರೆ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಮನೋವೈದ್ಯರ ಕೈಪಿಡಿಯಲ್ಲಿ ಇದರ ಹೆಸರಿದೆ. ಜಿಮ್ ತಪ್ಪುತ್ತದೆಂದು ಅಕ್ಕನ ಮಗುವಿನ ನಾಮಕರಣಕ್ಕೂ ಹೋಗದಿರುವುದು, ಭುಜ ನೋಯುತ್ತಿದ್ದರೂ ಭಾರ ಎತ್ತುವುದು, ಮೈ ಯಾರಿಗೂ ಕಾಣದಂತೆ ಬಟ್ಟೆ ಹಾಕುವುದು. ಈ ಮೂರೂ ಲಕ್ಷಣ ಅವನಲ್ಲಿದ್ದವು.

ಆ ಇಂಜೆಕ್ಷನ್ ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನ್. ಹೊರಗಿನಿಂದ ಅದು ಧಾರಾಳ ಬಂದರೆ, ವೃಷಣಕ್ಕೆ ಕೆಲಸ ಹೇಳುವ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಬಂದದ್ದರಲ್ಲಿ ಒಂದು ಪಾಲು ದೇಹದಲ್ಲೇ ಈಸ್ಟ್ರೋಜನ್ ಎಂಬ ಹೆಂಗಸರ ಹಾರ್ಮೋನ್ ಆಗಿ ಮಾರ್ಪಟ್ಟು ಎದೆಯಲ್ಲಿ ಗಂಟು ಕಟ್ಟುತ್ತದೆ. ಗಂಡಸುತನ ಜಾಸ್ತಿ ಆಗಲಿ ಎಂದು ಚುಚ್ಚಿಕೊಂಡದ್ದು! ಗಂಟು ಹೊಸದಿದ್ದರೆ ಕರಗಬಹುದು. ತುಂಬಾ ಹಳೆಯದಾದರೆ ಆಪರೇಷನ್ನೇ ಬೇಕಾಗಬಹುದು.

ಅವನಪ್ಪನನ್ನು ಒಳಗೆ ಕರೆದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವರು. 55 ದಾಟಿದೆ, ತೂಕ 54 ಕಿಲೋ. ಮುಂಗೈ ನೋಡಬೇಕು ನೀವು, ಹಗ್ಗ ಹೊಸೆದ ಹಾಗೆ. ಬಿಪಿ, ಶುಗರ್ ಎರಡೂ ಸರಿ. ಆದರೂ, "ನಮ್ಮದು ಸಪೂರದ ಮೈ ಡಾಕ್ಟ್ರೇ, ಇವನಾದರೂ ಸ್ವಲ್ಪ ತೋರ ಆಗಲಿ ಅಂತ" ಎಂದರು ಸಂಕೋಚದಿಂದ. ದಿನಕ್ಕೆ ಅಷ್ಟೊಂದು ಮರ ಹತ್ತುವ ಮನುಷ್ಯ ತನ್ನ ಮೈಗೆ ನಾಚಿಕೊಳ್ಳುತ್ತಿದ್ದರು. ನನಗೆ ತುಂಬಾ ಬೇಜಾರಾಯಿತು.

ಮದುವೆ ಮನೆಯಲ್ಲಿ "ಯಾಕೆ ಮಗಾ, ಸಪೂರ ಆಗಿದ್ದೀ?" ಎಂದು ನಾವೆಲ್ಲ ಪ್ರೀತಿಯಿಂದಲೇ ಕೇಳುತ್ತೇವೆ. ಹದಿನಾಲ್ಕರ ಹುಡುಗನ ಕಿವಿಗೆ ಅದು ಬೇರೆಯೇ ಆಗಿ ಬೀಳುತ್ತದೆ. ಗಲ್ಫಿನಿಂದ ರಜೆಗೆ ಬಂದವರ ಹೊಟ್ಟೆ ನೋಡಿ "ಒಳ್ಳೇದಾಗಿದ್ದೀರಿ" ಎನ್ನುವವರೂ ನಾವೇ. ನಮ್ಮ ದೇಶದವರಿಗೆ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯೊಳಗೆ ಸೇರುತ್ತದೆ. ಅಲ್ಲಿಂದಲೇ ಶುಗರ್ ಶುರು. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪ್ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಅಪ್ಪನದು 74 ಇತ್ತು.

ಜಿಮ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ವಾರಕ್ಕೆ 150 ನಿಮಿಷದ ಚುರುಕಾದ ನಡಿಗೆಯಂಥ ವ್ಯಾಯಾಮದ ಜೊತೆ ಎರಡು ದಿನ ಸ್ನಾಯುಗಳ ವ್ಯಾಯಾಮವೂ ಬೇಕು ಎನ್ನುತ್ತದೆ. ಕಬಡ್ಡಿ ಆಡಿ, ಭಾರ ಎತ್ತಿ, ಮೊಟ್ಟೆ, ಮೀನು, ಕಡಲೆ ತಿನ್ನಿ. ಡಾಕ್ಟರ ಚೀಟಿಯಿಲ್ಲದ ಸಿರಿಂಜ್ ಮಾತ್ರ ಮುಟ್ಟಬೇಡಿ. ಈಗಾಗಲೇ ತಗೊಳ್ಳುತ್ತಿದ್ದರೆ ಮುಚ್ಚಿಡದೆ ಬನ್ನಿ. ನಿಲ್ಲಿಸಿದ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಸುಸ್ತು, ಮಂಕು ಕಾಡುತ್ತದೆ. ಆಗ ಪಕ್ಕದಲ್ಲಿ ಒಬ್ಬರು ಇರಬೇಕು.

ಆ ಹುಡುಗ ಇಂಜೆಕ್ಷನ್ ನಿಲ್ಲಿಸಿದ್ದಾನೆ. ಮನೋವೈದ್ಯರ ಹತ್ತಿರವೂ ಹೋಗುತ್ತಿದ್ದಾನೆ, ಬಸ್ಸಿನಲ್ಲಿ ಅಪ್ಪನೂ ಜೊತೆಗಿರುತ್ತಾರೆ. ಗಂಟು ಸ್ವಲ್ಪ ಮೆತ್ತಗಾಗಿದೆ, ಪೂರ್ತಿ ಹೋಗಿಲ್ಲ. ಕಳೆದ ವಾರ ಬಂದಾಗಲೂ ಎರಡು ಟೀ ಶರ್ಟ್ ಹಾಕಿದ್ದ.