ಬಾಡಿಗೆ ಆ್ಯಪ್‌ನಲ್ಲಿ ಮ್ಯಾನೇಜರಿಗೆ ಎಷ್ಟು ಅಧಿಕಾರ?

ಜುಲೈ ತಿಂಗಳು, ರಿಟರ್ನ್ಸ್ ಸಲ್ಲಿಸುವ ಗಡಿಬಿಡಿ. ಮಿಡ್ಲ್ ಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ಮೊಬೈಲ್ ಹಿಡಿದುಕೊಂಡು ತೆರಿಗೆ ಲೆಕ್ಕ ನೋಡುವ ನನ್ನ ಆಫೀಸಿಗೆ ಬಂದರು. ತುಮಕೂರಿನ ಶೆಟ್ಟಿಹಳ್ಳಿ ಕಡೆ ಅವರದು ಎರಡು ಕಟ್ಟಡ, ಹನ್ನೊಂದು ಮನೆ, ರಸ್ತೆ ಬದಿಗೆ ಎರಡು ಮಳಿಗೆ. ಬೆಂಗಳೂರಿನಲ್ಲಿರುವ ಮಗ ಬಾಡಿಗೆ ಲೆಕ್ಕಕ್ಕೆ ಅಂತ ಒಂದು ಆ್ಯಪ್ ಹಾಕಿಕೊಟ್ಟಿದ್ದ.

‘ನೋಡಪ್ಪ, ಮಹಡಿ ಮನೇದು ಫೆಬ್ರವರಿ ಬಾಡಿಗೆ ಎಂಟೂವರೆ ಸಾವಿರ ಮನ್ನಾ ಅಂತ ತೋರಿಸ್ತಾ ಇದೆ. ನಾನು ಯಾರಿಗೂ ಮನ್ನಾ ಮಾಡಿಲ್ಲ. ಆ ಮನೆ ಬಾಡಿಗೆಯವನು ಕೈಗೆ ದುಡ್ಡು ಕೊಟ್ಟಿದೀನಿ ಅಂತಾನೆ.’

ಯಾರು ಯಾವಾಗ ಏನು ಬದಲಾಯಿಸಿದರು ಅನ್ನುವ ಚರಿತ್ರೆ ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ತೆರೆದೆ. ಮೇಲಿಂದ ಕೆಳಗಿನ ತನಕ ಪ್ರತಿ ಸಾಲಿನಲ್ಲೂ ಮೇಷ್ಟ್ರ ಹೆಸರೇ! ಇರದೇ ಇನ್ನೇನು? ಪಾಸ್‌ವರ್ಡ್ ಒಂದೇ. ಅದನ್ನು ಬಳಸುತ್ತಿದ್ದವರು ಮೂವರು: ಮೇಷ್ಟ್ರು, ಸೊಸೆ, ಮನೆಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಹುಡುಗ. ಓಟಿಪಿ ಕೇಳಿದಾಗಲೆಲ್ಲ ಹುಡುಗ ಫೋನ್ ಮಾಡುತ್ತಿದ್ದ, ಇವರು ಊಟದ ಎಲೆ ಮುಂದೆ ಕೂತಿದ್ದರೂ ಕನ್ನಡಕ ಹುಡುಕಿ ಆರು ಅಂಕಿ ಓದಿ ಹೇಳುತ್ತಿದ್ದರು.

ಹುಡುಗನನ್ನು ಕೇಳಿದರೆ ‘ನಾನಲ್ಲ ಸಾರ್’ ಅಂದ. ನಿಜವೇ ಇರಬಹುದು. ಆದರೆ ಅದನ್ನು ತೋರಿಸಲು ಅವನ ಹತ್ತಿರವೂ ಏನೂ ಇರಲಿಲ್ಲ. ಮ್ಯಾನೇಜರಿಗೆ ಅವನದೇ ಲಾಗಿನ್ ಕೊಡಿ ಅಂದರೆ ಅವನ ಮೇಲೆ ಅನುಮಾನ ಪಟ್ಟ ಹಾಗಾಗುತ್ತದೆ ಅಂತ ಎಷ್ಟೋ ಮಾಲೀಕರು ಸಂಕೋಚಪಡುತ್ತಾರೆ. ನಾನು ಹೇಳೋದು ತಿರುಗಾಮುರುಗಾ: ಆರೋಪ ಬಂದ ದಿನ ಆ ಹುಡುಗನನ್ನು ಕಾಪಾಡೋದು ಅವನ ಹೆಸರಿನ ಲಾಗಿನ್ನೇ.

ಕೆಲಸ ಕಷ್ಟದ್ದಲ್ಲ. ಸೆಟ್ಟಿಂಗ್ಸ್ ಒಳಗೆ ಬಳಕೆದಾರರು ಅಥವಾ ತಂಡ ಅನ್ನುವ ಕಡೆ ಹೋಗಿ, ಮ್ಯಾನೇಜರ್‌ನ ಸ್ವಂತ ಇಮೇಲ್ ಅಥವಾ ಮೊಬೈಲ್ ನಂಬರ್ ಹಾಕಿ, ಪಾತ್ರ (ರೋಲ್, ಅಂದರೆ ಆ್ಯಪ್‌ನಲ್ಲಿ ಅವನು ಏನೇನು ನೋಡಬಹುದು, ಮಾಡಬಹುದು ಅನ್ನೋದು) ಆರಿಸಿ ಇನ್ವೈಟ್ ಕಳಿಸಬೇಕು. ಲಿಂಕ್ ಅವನಿಗೆ ಹೋಗುತ್ತದೆ, ಪಾಸ್‌ವರ್ಡ್ ಅವನೇ ಇಟ್ಟುಕೊಳ್ಳುತ್ತಾನೆ, ಓಟಿಪಿ ಅವನ ಫೋನಿಗೇ ಬರುತ್ತದೆ. ನಂಬರ್ ತಪ್ಪಿ ಬೇರೆ ಯಾರಿಗೋ ಹೋಗಿದ್ದರೆ ‘ಯಾರೂ ಒತ್ತಲ್ಲ ಬಿಡಿ’ ಅಂತ ಸುಮ್ಮನಿರಬೇಡಿ, ಬಾಕಿ ಇನ್ವೈಟ್‌ಗಳ ಪಟ್ಟಿಗೆ ಹೋಗಿ ಅದನ್ನು ರದ್ದು ಮಾಡಿ.

ಜನ ಎಡವೋದು ಪಾತ್ರ ಆರಿಸುವಾಗ. ಪಟ್ಟಿಯಲ್ಲಿ ಅಡ್ಮಿನ್, ಮ್ಯಾನೇಜರ್, ಅಕೌಂಟೆಂಟ್, ರಿಪೇರಿ ಸಿಬ್ಬಂದಿ, ನೋಡಲು ಮಾತ್ರ, ಹೀಗೆ ಏನೇನೋ ಇರುತ್ತದೆ. ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಹೆಸರು. ಹೆಸರು ನೋಡಿ ಆರಿಸಬೇಡಿ, ಅದರ ಕೆಳಗಿನ ಟಿಕ್ ಗುರುತುಗಳನ್ನು ಓದಿ. ಒಂದು ಆ್ಯಪ್‌ನಲ್ಲಿ ಮ್ಯಾನೇಜರ್ ಅಂದರೆ ಬಾಡಿಗೆ ಬಂತು ಅಂತ ಬರೆಯುವವನು, ಇನ್ನೊಂದರಲ್ಲಿ ಅದೇ ಮ್ಯಾನೇಜರ್ ನಿಮ್ಮ ಬ್ಯಾಂಕ್ ಖಾತೆ ನಂಬರನ್ನೇ ಬದಲಾಯಿಸಬಲ್ಲ.

ಹಳೇ ಮೈಸೂರಿನ ನಮ್ಮ ಹಳ್ಳಿಗಳಲ್ಲಿ ಹಿಂದೆ ಕಂದಾಯ ವಸೂಲಿ ಪಟೇಲರದು, ಲೆಕ್ಕ ಬರೆಯೋದು ಶಾನುಭೋಗರದು ಆಗಿತ್ತು. ಇಬ್ಬರೂ ಸೇರಿ ನುಂಗಿದ ಕಥೆಗಳೂ ಬೇಕಾದಷ್ಟಿವೆ ಅನ್ನಿ. ಆದರೂ ದುಡ್ಡು ಮುಟ್ಟುವ ಕೈ, ಲೆಕ್ಕ ತಿದ್ದುವ ಕೈ ಬೇರೆ ಬೇರೆ ಇರಲಿ ಅನ್ನುವ ಏರ್ಪಾಡು ಸರಿಯಾದದ್ದೇ. ಮೇಷ್ಟ್ರ ಆ್ಯಪ್‌ನಲ್ಲಿ ನಾವು ಮಾಡಿದ್ದೂ ಅದನ್ನೇ. ಹುಡುಗ ಬಾಡಿಗೆ ಬಂದದ್ದನ್ನು ನಮೂದಿಸಬಹುದು, ರಸೀದಿ ಕಳಿಸಬಹುದು, ರಿಪೇರಿ ದೂರು ಹಾಕಬಹುದು. ಬರೆದದ್ದನ್ನು ಅಳಿಸುವ ಹಾಗಿಲ್ಲ, ಬಾಡಿಗೆ ಮನ್ನಾ ಮಾಡುವ ಹಾಗಿಲ್ಲ, ಅಡ್ವಾನ್ಸ್ ವಾಪಸಿನ ಲೆಕ್ಕ ಮುಟ್ಟುವ ಹಾಗಿಲ್ಲ, ಇನ್ನೊಬ್ಬರನ್ನು ಒಳಗೆ ಸೇರಿಸುವ ಹಾಗಿಲ್ಲ. ಬ್ಯಾಂಕ್ ಖಾತೆ, ಯುಪಿಐ ಕ್ಯೂಆರ್ ಬದಲಾಯಿಸುವ ಅಧಿಕಾರ ಮೇಷ್ಟ್ರು ಮತ್ತು ಮಗ, ಇಬ್ಬರಿಗೆ ಮಾತ್ರ. ಒಬ್ಬರಿಗೇ ಇಟ್ಟರೆ ಅವರ ಫೋನ್ ಕಳೆದ ದಿನ ಎಲ್ಲ ಬಂದ್.

ಮನ್ನಾ ಗುಂಡಿಯ ಬಗ್ಗೆ ಇಷ್ಟು ಗಲಾಟೆ ಯಾಕೆ ಅಂದರೆ, ಅದು ಬರೀ ಮನೆ ಜಗಳದ ವಿಷಯ ಅಲ್ಲ. ಬಾರದ ಬಾಡಿಗೆಯನ್ನು ಆದಾಯದಿಂದ ಬಿಡಬೇಕಾದರೆ ಆದಾಯ ತೆರಿಗೆಯಲ್ಲಿ ಷರತ್ತುಗಳಿವೆ: ಬಾಡಿಗೆದಾರ ಮನೆ ಖಾಲಿ ಮಾಡಿರಬೇಕು ಇಲ್ಲವೇ ಖಾಲಿ ಮಾಡಿಸಲು ಕ್ರಮ ಕೈಗೊಂಡಿರಬೇಕು, ವಸೂಲಿಗೆ ಪ್ರಯತ್ನಪಟ್ಟಿರಬೇಕು, ಹೀಗೆ. ಯಾರೋ ಮೊಬೈಲಿನಲ್ಲಿ ಒತ್ತಿದ ಮಾತ್ರಕ್ಕೆ ತೆರಿಗೆ ಬಿಟ್ಟುಹೋಗುವುದಿಲ್ಲ.

ಇನ್ನು ನನ್ನ ಪಾತ್ರ. ಮೇಷ್ಟ್ರು ಪ್ರೀತಿಯಿಂದ ನನ್ನನ್ನು ಅಡ್ಮಿನ್ ಮಾಡಲು ಹೊರಟಿದ್ದರು, ಬೇಡ ಅಂದೆ. ರಿಟರ್ನ್ಸಿಗೆ ನನಗೆ ಬೇಕಾದ್ದು ಬಾಡಿಗೆ ಲೆಕ್ಕ, ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ರಸೀದಿ, ಸಾಲವಿದ್ದರೆ ಬಡ್ಡಿಯ ಪತ್ರ. ರಿಪೇರಿ ಬಿಲ್‌ಗಳೂ ಬೇಡ. ಬಾಡಿಗೆ ಮನೆಗೆ ನೀವು ಎಷ್ಟೇ ಖರ್ಚು ಮಾಡಿರಿ, ಅದಕ್ಕೆ ಕಡಿತ ಸಿಗೋದು ವಾರ್ಷಿಕ ಮೌಲ್ಯದ (ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರ) ಶೇ. 30 ಮಾತ್ರ. ನೋಡಲು, ಡೌನ್‌ಲೋಡ್ ಮಾಡಲು ಅನುಮತಿ ಇದ್ದರೆ ನನ್ನ ಕೆಲಸ ನಡೆಯುತ್ತದೆ. ಬಾಡಿಗೆದಾರರ ಆಧಾರ್ ನೋಡಿ ನಾನೇನು ಮಾಡಲಿ?

ಆಧಾರ್ ಅಂದಾಗ ನೆನಪಾಯಿತು. ಬಿ.ಎಚ್. ರಸ್ತೆ ಕಡೆ ಹೆಣ್ಣುಮಕ್ಕಳ ಪಿಜಿ ನಡೆಸುವ ಅಮ್ಮ ಒಬ್ಬರು, ಕರೆದಾಗ ಬೇಗ ಬರಲಿ ಅಂತ ಪ್ಲಂಬರಿಗೂ ಮ್ಯಾನೇಜರ್ ಪಾತ್ರವನ್ನೇ ಕೊಟ್ಟಿದ್ದರು. ನಲ್ಲಿ ರಿಪೇರಿಗೆ ಬರುವವನ ಮೊಬೈಲಿನಲ್ಲಿ ಅಷ್ಟೂ ಹುಡುಗಿಯರ ಫೋಟೊ, ಫೋನ್ ನಂಬರ್, ಊರಿನ ವಿಳಾಸ, ಆಧಾರ್ ಪ್ರತಿ. ನಾನು ಫೋನ್ ತಿರುಗಿಸಿ ತೋರಿಸಿದಾಗ ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಪ್ಲಂಬರ್ ಏನೂ ತಪ್ಪು ಮಾಡಿರಲಿಲ್ಲ. ಅವನು ಅದನ್ನು ತೆರೆದೂ ನೋಡಿರಲಿಲ್ಲವೇನೋ. ಈಗ ಅವನಿಗೆ ಕಾಣೋದು ಕೋಣೆ ನಂಬರ್ ಮತ್ತು ಏನು ಕೆಟ್ಟಿದೆ ಅನ್ನೋದು, ಅಷ್ಟೇ. ಆಧಾರ್ ಬೇಕೇ ಬೇಕು ಅನ್ನುವವರು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ ಪಡೆಯಿರಿ. ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐನ ಜಾಲತಾಣದಲ್ಲೇ ಅದನ್ನು ಇಳಿಸಿಕೊಳ್ಳಬಹುದು.

ಎರಡು ಮೂರು ಕಡೆ ಆಸ್ತಿ ಇದ್ದರೆ ಪಾತ್ರದ ಜೊತೆಗೆ ಕಟ್ಟಡವನ್ನೂ ಆರಿಸಿ. ಕ್ಯಾತ್ಸಂದ್ರದ ಮನೆಗಳನ್ನು ನೋಡಿಕೊಳ್ಳುವವನಿಗೆ ಶಿರಾ ಗೇಟ್ ಮಳಿಗೆಯ ಬಾಡಿಗೆ ಎಷ್ಟು ಅಂತ ತಿಳಿಯಬೇಕಾದ್ದಿಲ್ಲ.

ಎಲ್ಲರೂ ಮರೆಯೋದು ಮ್ಯಾನೇಜರ್ ಬಿಟ್ಟುಹೋದಾಗಿನ ಕೆಲಸ. ಆರು ತಿಂಗಳ ಮೇಲೆ ಮೇಷ್ಟ್ರ ಹುಡುಗನಿಗೆ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸಂಜೆಯೇ ಆ್ಯಪ್‌ನಿಂದ ಅವನ ಹೆಸರು ತೆಗೆದು ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 208ನೇ ಕಲಮಿನ ಪ್ರಕಾರ, ಏಜೆಂಟನ ಅಧಿಕಾರ ಕೊನೆಗೊಂಡದ್ದು ಹೊರಗಿನವರ ಮಟ್ಟಿಗೆ ಲೆಕ್ಕಕ್ಕೆ ಬರೋದು ಅದು ಅವರಿಗೆ ತಿಳಿದ ಮೇಲೆ. ಅಂದರೆ, ಬಾಡಿಗೆ ಪಡೆಯುವ ಪಾರುಪತ್ಯ ನೀವು ಒಬ್ಬನಿಗೆ ವಹಿಸಿದ್ದು, ಅವನು ಬಿಟ್ಟ ವಿಷಯ ಗೊತ್ತಿಲ್ಲದ ಬಾಡಿಗೆದಾರ ಅವನ ಕೈಗೇ ದುಡ್ಡು ಕೊಟ್ಟರೆ ‘ನನಗೆ ಬಂದಿಲ್ಲ, ಇನ್ನೊಮ್ಮೆ ಕೊಡು’ ಅನ್ನೋದು ಕಷ್ಟ.

ಹಾಗೇ ಆಯಿತು. ಮುಂದಿನ ತಿಂಗಳು ಎರಡು ಮನೆಯವರು ಅಭ್ಯಾಸಬಲದಿಂದ ಬಾಡಿಗೆಯನ್ನು ಆ ಹುಡುಗನ ಫೋನ್ ನಂಬರಿಗೇ ಹಾಕಿದರು. ಅವನು ಒಳ್ಳೆಯವನು, ಭಾನುವಾರ ರಜೆ ಇದ್ದಾಗ ಬಸ್ ಹತ್ತಿ ಬಂದು ಮೇಷ್ಟ್ರ ಎದುರಿಗೇ ಅವರ ಖಾತೆಗೆ ವರ್ಗಾಯಿಸಿದ, ಕಾಫಿ ಕುಡಿದು ಹೋದ. ಅವತ್ತೇ ಮೇಷ್ಟ್ರು ಹನ್ನೊಂದು ಮನೆಗೂ ಎರಡು ಮಳಿಗೆಗೂ ವಾಟ್ಸ್ಆ್ಯಪ್ ಸಂದೇಶ ಕಳಿಸಿದರು. ಹಳೇ ಮ್ಯಾನೇಜರ್ ಬಿಟ್ಟ ತಾರೀಖು, ಹೊಸಬನ ಹೆಸರು, ಬಾಡಿಗೆ ಹಾಕಬೇಕಾದ ಖಾತೆ. ಕೊನೆಗೆ ‘ಓದಿದವರು ಸರಿ ಎಂದು ಉತ್ತರಿಸುವುದು’ ಅಂತ ಸೇರಿಸಿದರು. ಹದಿಮೂರು ಉತ್ತರವೂ ಬರುವ ತನಕ ಹಾಜರಿ ಪುಸ್ತಕದ ಹಾಗೆ ಒಂದೊಂದೇ ಟಿಕ್ ಹಾಕಿಕೊಂಡರು.