ಚೆನ್ನಾಗೇ ಇದ್ದನಲ್ಲ ಡಾಕ್ಟ್ರೇ!

ನಾಯಿಗೆ ಹೃದಯದ ಹುಳದ ಕೊನೆಯ ಇಂಜೆಕ್ಷನ್ ಆಗಿ ಎಂಟು-ಒಂಬತ್ತು ದಿನಕ್ಕೆ ಫೋನ್ ಬಂತೆಂದರೆ, ಆ ಕಡೆಯವರು ಬಾಯಿ ತೆರೆಯುವ ಮೊದಲೇ ಅರ್ಧ ಕಥೆ ನನಗೆ ಗೊತ್ತಾಗಿರುತ್ತದೆ. ನಾಯಿ ಕೆಮ್ಮುತ್ತಿದೆ, ಕೆಮ್ಮಿನಲ್ಲಿ ರಕ್ತ. ಹಿತ್ತಲಲ್ಲಿ ಅಳಿಲು ಕಂಡಿತಂತೆ, ಬೆಲ್ಟು ಬಿಚ್ಚಿದ್ದರಂತೆ. ಯಾಕೆ ಬಿಚ್ಚಿದಿರಿ ಅಂದರೆ ಒಂದೇ ಉತ್ತರ: "ಚೆನ್ನಾಗೇ ಇದ್ದನಲ್ಲ ಡಾಕ್ಟ್ರೇ!"

ಹೆಬ್ಬಾಳದಲ್ಲಿ ಓದಿ ಹ್ಯೂಸ್ಟನ್‌ಗೆ ಬಂದು ಬಿದ್ದ ಪಶುವೈದ್ಯರಲ್ಲಿ ನಾನೂ ಒಬ್ಬ. ಮಂಗಳೂರಿನವರಿಗೆ ಈ ಊರಿನ ಸೆಖೆ ಹೊಸದೆನಿಸದು, ಸೊಳ್ಳೆಯೂ ಅಷ್ಟೇ. ಅದರ ದಯೆಯಿಂದ ಇಲ್ಲಿನ ಶೆಲ್ಟರಿಗೆ, ಅಂದರೆ ದಿಕ್ಕಿಲ್ಲದ ನಾಯಿಗಳ ಆಶ್ರಯಕ್ಕೆ ಬರುವ ಎಷ್ಟೋ ಬೀದಿನಾಯಿಗಳು ಹೃದಯದ ಹುಳ, ಅಂದರೆ ಹಾರ್ಟ್‌ವರ್ಮ್ ಹೊತ್ತೇ ಬರುತ್ತವೆ. ನೂರು ನಾಯಿ ಬೊಗಳುವ ಶೆಲ್ಟರಿನಲ್ಲಿ ಚಿಕಿತ್ಸೆಯ ನಾಯಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಅದಕ್ಕೇ ಮನೆಗಳಿಗೆ ಫಾಸ್ಟರ್ ಕಳಿಸುತ್ತಾರೆ, ಅಂದರೆ ಸ್ವಲ್ಪ ಕಾಲ ಸಾಕಿಕೊಳ್ಳಲಿ ಎಂದು. ಈಚೆಗೆ ನಮ್ಮ ಕನ್ನಡದವರೂ ಮುಂದೆ ಬರುತ್ತಿದ್ದಾರೆ. ಸಂತೋಷ. ಬೈಗುಳವೂ ಅವರಿಗೇ.

ಸೊಳ್ಳೆಯಿಂದ ಹರಡುತ್ತದೆ, ನಾಯಿಯಿಂದ ನಾಯಿಗೆ ನೇರವಾಗಿ ಅಂಟುವುದಿಲ್ಲ, ಮನೆಯ ನಾಯಿಗೆ ಹುಳ ತಡೆಯುವ ತಿಂಗಳ ಮಾತ್ರೆ ತಪ್ಪಿಸಬೇಡಿ. ಇಷ್ಟು ನಿಮಗೆ ಗೊತ್ತೇ ಇದೆ ಅಂದುಕೊಳ್ಳುತ್ತೇನೆ.

ಗೊತ್ತಿಲ್ಲದ್ದು ಇದು. ಮೊನ್ನೆಯೂ ಒಬ್ಬರು ಕೇಳಿದರು, "ಇಂಜೆಕ್ಷನ್ ಆಗಿ ವಾರ ಆಯ್ತು, ಕಕ್ಕದಲ್ಲಿ ಹುಳ ಬರಲೇ ಇಲ್ಲವಲ್ಲ?" ಬರುವುದಿಲ್ಲ ಸ್ವಾಮಿ. ಇದು ಹೊಟ್ಟೆಯ ಜಂತುಹುಳವಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದಲ್ಲಿ, ಬೆಂದ ಶಾವಿಗೆಯ ಹಾಗೆ ಸುತ್ತಿಕೊಂಡು ಬದುಕುವ ಹುಳ. ಹೆಣ್ಣು ಹುಳ 25ರಿಂದ 30 ಸೆಂಟಿಮೀಟರ್ ಉದ್ದ. ನಾವು ಕೊಡುವ ಮೆಲಾರ್ಸೊಮೈನ್ ಆರ್ಸೆನಿಕ್‌ನಿಂದ ಮಾಡಿದ ಮದ್ದು, ಹುಳವನ್ನು ಕೊಲ್ಲುತ್ತದೆ. ಕೊಂದ ಮೇಲೆ ಹೆಣ ಎಲ್ಲಿಗೆ ಹೋಗಬೇಕು? ರಕ್ತನಾಳಕ್ಕೆ ಹಿಂಬಾಗಿಲಿಲ್ಲ. ಸತ್ತ ಹುಳ ತುಂಡುತುಂಡಾಗಿ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿಯುತ್ತದೆ, ಅಲ್ಲೇ ದೇಹ ಅದನ್ನು ವಾರಗಟ್ಟಲೆ ಕರಗಿಸಬೇಕು.

ಬೆಂಗಳೂರಿನ ರಾಜಕಾಲುವೆ ನೋಡಿದ್ದೀರಲ್ಲ. ನೀರು ಮೆಲ್ಲಗೆ ಹರಿಯುವಾಗ ಕಸ ಅಲ್ಲಲ್ಲೇ ಕೂತಿರುತ್ತದೆ, ಬಾಚಿ ತೆಗೆಯಬಹುದು. ಒಂದು ಜೋರು ಮಳೆ ಬಂತೋ, ಅಷ್ಟೂ ಕಸ ನುಗ್ಗಿ ಮೋರಿಯ ಬಾಯಿಗೆ ಮೆತ್ತಿಕೊಳ್ಳುತ್ತದೆ. ನಾಯಿ ಓಡಿದಾಗ ಹೃದಯ ಜೋರಾಗಿ ರಕ್ತ ತಳ್ಳುತ್ತದಲ್ಲ, ಅದೇ ಆ ಮಳೆ. ಇಂಜೆಕ್ಷನ್ ಆದ ಏಳರಿಂದ ಹತ್ತನೆಯ ದಿನದವರೆಗೆ ಅಪಾಯ ಹೆಚ್ಚು, ನಾಲ್ಕು ವಾರದವರೆಗೂ ಇದ್ದೇ ಇರುತ್ತದೆ. ನಾಯಿ ಚೆನ್ನಾಗಿ ಕಾಣುವುದೂ ಅದೇ ದಿನಗಳಲ್ಲಿ! ಇಂಜೆಕ್ಷನ್ ಚುಚ್ಚಿದ ಸೊಂಟದ ನೋವು ಕಡಿಮೆಯಾಗಿ ಬಾಲ ಆಡಿಸುತ್ತಿರುತ್ತದೆ. ಆ ಬಾಲವನ್ನು ನಂಬಬೇಡಿ.

ಚಿಕಿತ್ಸೆ ನಡೆಯುವುದು ಹೀಗೆ. ಮೊದಲು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ಹುಳದೊಳಗೇ ಬದುಕುವ ಬ್ಯಾಕ್ಟೀರಿಯಾ ಸಾಯಲಿ ಎಂದು. ಆಮೇಲೆ ಒಂದು ತಿಂಗಳು ಕಾಯುವುದು. ಅರವತ್ತನೆಯ ದಿನಕ್ಕೆ ಮೊದಲ ಇಂಜೆಕ್ಷನ್, ಮತ್ತೊಂದು ತಿಂಗಳಿಗೆ ಎರಡು, ಒಂದರ ಮರುದಿನ ಇನ್ನೊಂದು. ಎಲ್ಲ ಹುಳವೂ ಒಮ್ಮೆಗೇ ಸತ್ತು ಮೋರಿ ಕಟ್ಟದಿರಲೆಂದೇ ಹೀಗೆ ಕಂತು. ಕೊನೆಯದಾದ ಮೇಲೂ ಆರರಿಂದ ಎಂಟು ವಾರ ವಿಶ್ರಾಂತಿ. ಹೆಚ್ಚುಕಡಿಮೆ ಐದು ತಿಂಗಳಾಯಿತು. ಇದು ಸಾಮಾನ್ಯ ಕ್ರಮ. ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ಸರಿ. ಜೊತೆಗೆ ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದರೆ ನೀರು ಜಾಸ್ತಿ ಕುಡಿಯುತ್ತದೆ, ಕಾರ್ಪೆಟ್ಟಿನ ಮೇಲೂ ಉಚ್ಚೆ ಹೊಯ್ಯಬಹುದು. ಬೈಯಬೇಡಿ, ತಪ್ಪು ನಾಯಿಯದಲ್ಲ, ಮಾತ್ರೆಯದು.

ವಿಶ್ರಾಂತಿ ಅಂದರೆ ಏನು? ಉಚ್ಚೆಗೂ ಬೆಲ್ಟು ಹಾಕಿಯೇ ಹೊರಗೆ. ಮಹಡಿ ಮೆಟ್ಟಿಲು ಬೇಡ, ಚೆಂಡು ಬೇಡ, ಇನ್ನೊಂದು ನಾಯಿಯ ಜೊತೆ ಕುಸ್ತಿ ಬೇಡ. ಹಬ್ಬಕ್ಕೆ ಇಪ್ಪತ್ತು ಜನ ಬರುವುದಿದ್ದರೆ ಅವನನ್ನು ಒಳಕೋಣೆಯಲ್ಲಿ ಬಿಡಿ. ಕಾಲಿಂಗ್ ಬೆಲ್ ಒಂದೇ ಸಾಕು ಅವನು ಕುಣಿಯಲಿಕ್ಕೆ. ತೀರಾ ತಡೆಯಲಾಗದಿದ್ದರೆ ಕೇಳಿ, ಸಮಾಧಾನಕ್ಕೆ ಮದ್ದಿದೆ.

ಒಂದು ಮನೆಯಲ್ಲಿ ಅರಸೀಕೆರೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ ಇದ್ದರು. ಮೊಮ್ಮಗ ಫಾಸ್ಟರ್ ತಂದ ಕಂದು ನಾಯಿಯನ್ನು ಕ್ರೇಟಿನಲ್ಲಿ ನೋಡಿ ನನ್ನ ಮೇಲೇ ತಿರುಗಿಬಿದ್ದರು. "ಮೂಕಪ್ರಾಣೀನ ಗೂಡಲ್ಲಿ ಕೂಡಿ ಹಾಕ್ಸಿದೀಯಲ್ಲಪ್ಪ, ಪಾಪ ಸುತ್ಕೊಳಲ್ವಾ?" ರಾಜಕಾಲುವೆ ಅವರಿಗೆ ನಾಟಲಿಲ್ಲ. ಕೊನೆಗೆ ಕೇಳಿದೆ, "ಬಾಣಂತೀನ ಒಂಬತ್ತನೇ ದಿನಕ್ಕೆ ಗದ್ದೆಗೆ ಕಳಿಸ್ತಿದ್ರಾ ಅಜ್ಜಿ?" ಅದೇ ಬೇರೆ ಇದೇ ಬೇರೆ ಎಂದು ಮುಖ ತಿರುಗಿಸಿದರು. ಮುಂದಿನ ಸಲ ಬಂದಾಗ ಮೊಮ್ಮಗ ದೂರು ಹೇಳಿದ: ಕ್ರೇಟಿನ ಪಕ್ಕ ಕುರ್ಚಿ ಹಾಕಿ ಕೂತವರು ಯಾರನ್ನೂ ಹತ್ತಿರ ಬಿಡುತ್ತಿಲ್ಲವಂತೆ, ಬೆಲ್ಲಿನ ತಂತಿಯನ್ನೂ ಕೀಳಿಸಿದ್ದಾರಂತೆ.

ಕೊನೆಯ ಇಂಜೆಕ್ಷನ್ ಆಗಿ ಒಂಬತ್ತು ತಿಂಗಳಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಹುಳದ ಸುಳಿವಿರಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ಊರಿಗೆ ಹೋಗಿದ್ದರು. ನನ್ನ ಎದುರೇ ಮೊಮ್ಮಗ ಫೋನ್ ಹಚ್ಚಿ ಹೇಳಿದ. ಆ ಕಡೆಯಿಂದ ಬಂದದ್ದು ಇಷ್ಟೇ: "ಡಾಕ್ಟ್ರನ್ನ ಕೇಳ್ಕೊಂಡೇ ಓಡಕ್ಕೆ ಬಿಟ್ಯಾ?"