ತಲೆಕೆಳಗಾದ ರಾಣಿ: ಹಳೆಯ ಅಂಚೆಚೀಟಿಗಳ ಅಚ್ಚಿನ ತಪ್ಪಿಗೆ ಬೆಲೆ ಬಂದ ಕಥೆ

ಎಂಟು ಮೂಲೆಯ ಕೆಂಪು ಚೌಕಟ್ಟು. ಅದರೊಳಗೆ ನೀಲಿ ಬಣ್ಣದಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಸುತ್ತಲೂ ‘ಇಂಡಿಯಾ’, ‘ಫೋರ್ ಆಣಾಸ್’ ಎಂಬ ಇಂಗ್ಲಿಷ್ ಅಕ್ಷರಗಳು. ಅಕ್ಷರಗಳೆಲ್ಲ ನೆಟ್ಟಗಿವೆ, ರಾಣಿ ಮಾತ್ರ ತಲೆಕೆಳಗಾಗಿದ್ದಾಳೆ. 1854ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಈ ನಾಲ್ಕಾಣೆ ಚೀಟಿಗಳಲ್ಲಿ ಇಂದು ಉಳಿದಿರುವುದು ಮೂವತ್ತರ ಆಸುಪಾಸು. ಎಲ್ಲವೂ ಬಳಸಿದವೇ.

ಈ ತಪ್ಪು ಹೇಗಾಯಿತು ಅಂತ ತಿಳಿಯಬೇಕಾದರೆ ಮೊದಲು ಅಚ್ಚು ಹಾಕಿದವರು ಯಾರು ಅಂತ ನೋಡಬೇಕು. ಆ ವರ್ಷ ಅಕ್ಟೋಬರ್ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಹೊಸ ಅಂಚೆ ದರ ಬಂತು. ಕಾಗದ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಹೋಯಿತು, ತೂಕದ ಲೆಕ್ಕ ಬಂತು. ಕಾಲು ತೊಲದ ಕಾಗದಕ್ಕೆ ಅರ್ಧಾಣೆ. ಹಾಗಾಗಿ ಇಡೀ ದೇಶಕ್ಕೆ ಸಾಲುವಷ್ಟು ಚೀಟಿ ಬೇಕಿತ್ತು, ಅದೂ ಬೇಗ. ಕಲ್ಕತ್ತೆಯ ಟಂಕಸಾಲೆಯವರು ಮೊದಲು ಪ್ರಯತ್ನಪಟ್ಟರು, ಆದರೆ ಅಷ್ಟು ಪ್ರಮಾಣದಲ್ಲಿ ಮಾಡಲು ಅವರಿಂದ ಆಗಲಿಲ್ಲ. ಆಗ ಮುಂದೆ ಬಂದವರು ಸರ್ವೆ ಕಚೇರಿಯ ಕ್ಯಾಪ್ಟನ್ ಹೆನ್ರಿ ಲ್ಯಾಂಡರ್ ಥುಯಿಲಿಯರ್. ಅವರ ಕಚೇರಿಯ ಕೆಲಸ ನಕ್ಷೆ ಅಚ್ಚು ಹಾಕುವುದು. ಅಲ್ಲಿದ್ದದ್ದು ಕಲ್ಲಚ್ಚು.

ಕಲ್ಲಚ್ಚು ಅಂದರೆ ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಮೂಡಿಸುವುದು. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಚಿತ್ರ ಇರುವ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಕೇಳಲು ಸುಲಭ. ಆದರೆ ಮಸಿ ಸರಿಯಿಲ್ಲದಿದ್ದರೆ ಕಲ್ಲೇ ಹಾಳು. ಮೊದಲು ಅರ್ಧಾಣೆಯನ್ನು ಕೆಂಪಿನಲ್ಲೇ ಅಚ್ಚು ಹಾಕಲು ಹೊರಟಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ಕೆಂಪು ಮಸಿ ಮುಗಿಯಿತು, ಇಲ್ಲಿಯ ಮಸಿ ಕಲ್ಲಿಗೆ ಒಗ್ಗಲಿಲ್ಲ. ಕೊನೆಗೆ ಅರ್ಧಾಣೆ ನೀಲಿಯಾಯಿತು.

ನಾಲ್ಕಾಣೆಗೆ ಎರಡು ಬಣ್ಣ. ಅಂದರೆ ಒಂದೇ ಹಾಳೆ ಎರಡು ಸಲ ಅಚ್ಚಿಗೆ ಹೋಗಬೇಕು. ಮೊದಲ ಬಣ್ಣ ಒಣಗಬೇಕು, ಆಮೇಲೆ ಎರಡನೆಯದು. ಶುರುವಿನ ಹಾಳೆಗಳಲ್ಲಿ ಬರೀ 12 ಚೀಟಿ, ನಡುವೆ ಸಾಕಷ್ಟು ಜಾಗ. ಒಣಗಿದ ಹಾಳೆಯನ್ನು ತಿರುಗಾಮುರುಗಾ ಇಟ್ಟರೆ ಒಂದೇ ಏಟಿಗೆ ಎಲ್ಲ 12 ರಾಣಿಯರೂ ತಲೆಕೆಳಗು! ಆಗಿದ್ದು ಇಷ್ಟೇ. ಅಂಚೆ ಕಚೇರಿಯವರು ಗಮನಿಸಲಿಲ್ಲ, ಕೊಂಡವರೂ ಗಮನಿಸಲಿಲ್ಲ. ಹರಿಯಲು ತೂತಿನ ಸಾಲು ಇರದ ಕಾಲ, ಎಲ್ಲರೂ ಕತ್ತರಿ ಹಿಡಿದವರೇ. ಎಷ್ಟೋ ಜನ ಚೌಕಟ್ಟಿನ ಗೆರೆಗುಂಟ ಎಂಟು ಮೂಲೆಯಾಗಿ ಕತ್ತರಿಸಿ ಅಂಟಿಸಿದರು. ಅದಕ್ಕೇ ಚೌಕವಾಗಿ ಕತ್ತರಿಸಿದ ತಲೆಕೆಳಗಿನ ಚೀಟಿ ಈಗ ಎರಡೋ ಮೂರೋ ಇರಬಹುದು, ಅಷ್ಟೇ. ಸಂಗ್ರಾಹಕರ ಕಣ್ಣಿಗೆ ಈ ತಪ್ಪು ಬಿದ್ದದ್ದು ಸುಮಾರು 20 ವರ್ಷದ ನಂತರ.

ಅಷ್ಟು ತಡವಾಗಿದ್ದಕ್ಕೂ ಕಾರಣವಿದೆ. ಶುರುವಿನ ಸಂಗ್ರಾಹಕರಿಗೆ ಒಂದು ಬಗೆಯ ಚೀಟಿ ಒಂದಿದ್ದರೆ ಸಾಕಾಗಿತ್ತು. ದೇಶ, ಬೆಲೆ, ಬಣ್ಣ ನೋಡಿ ಆಲ್ಬಮ್ಮಿಗೆ ಅಂಟಿಸಿದರೆ ಮುಗಿಯಿತು. ಇದನ್ನು ಬದಲಿಸಿದವರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಲೆಗ್ರಾಂಡ್ ಮುಖ್ಯರು. 1866ರಲ್ಲಿ ಅವರು ಅಂಚಿನ ತೂತುಗಳನ್ನು ಎಣಿಸುವ ಅಳತೆಪಟ್ಟಿ ಮಾಡಿದರು. ಕಾಗದ ಯಾವುದು, ವಾಟರ್‌ಮಾರ್ಕ್ (ಬೆಳಕಿಗೆ ಹಿಡಿದರೆ ಕಾಣುವ ಕಾಗದದೊಳಗಿನ ಗುರುತು) ಯಾವುದು ಅಂತ ಜನ ಕೇಳತೊಡಗಿದರು. 1869ರಲ್ಲಿ ಲಂಡನ್ನಿನಲ್ಲಿ ಅಂಚೆಚೀಟಿ ಸಂಗ್ರಾಹಕರ ಸಂಘವಾದ ಫಿಲಾಟೆಲಿಕ್ ಸೊಸೈಟಿ ಹುಟ್ಟಿತು. ಚೀಟಿ ಹೇಗೆ ತಯಾರಾಯಿತು ಎಂಬ ಪ್ರಶ್ನೆ ಬಂದ ಮೇಲೆಯೇ ತಪ್ಪಿಗೆ ಅರ್ಥ ಬಂತು. ನನಗೆ ಅನ್ನಿಸುವುದೂ ಇದೇ. ಸರಿಯಾದ ಚೀಟಿ ತಾನು ಹುಟ್ಟಿದ ಬಗೆಯನ್ನು ಮುಚ್ಚಿಡುತ್ತದೆ, ತಪ್ಪಾದ ಚೀಟಿ ಅದನ್ನು ಬಾಯಿಬಿಟ್ಟು ಹೇಳುತ್ತದೆ.

ಆಫ್ರಿಕಾದ ದಕ್ಷಿಣ ತುದಿಯಲ್ಲಿದ್ದ ಬ್ರಿಟಿಷ್ ವಸಾಹತು ಕೇಪ್ ಆಫ್ ಗುಡ್ ಹೋಪಿನ ಮುಮ್ಮೂಲೆ ಚೀಟಿಗಳನ್ನೇ ನೋಡಿ. 1853ರಿಂದ ಅವು ಲಂಡನ್ನಿನಲ್ಲಿ ಚೆನ್ನಾಗಿ ಅಚ್ಚಾಗಿ ಬರುತ್ತಿದ್ದವು. 1861ರಲ್ಲಿ ದಾಸ್ತಾನು ಮುಗಿಯಿತು, ಹಡಗು ಬರಲಿಲ್ಲ. ಕೇಪ್‌ಟೌನಿನ ಸಾಲ್ ಸಾಲೊಮನ್ ಮುದ್ರಣಾಲಯದಲ್ಲೇ ಕೆಲಸ ಶುರುವಾಯಿತು. ಚೀಟಿಯ ಪಡಿಯಚ್ಚುಗಳನ್ನು ಲೋಹದಲ್ಲಿ ಎರಕ ಹೊಯ್ದು, ಮರದ ಮೇಲೆ ಅಂಟಿಸಿ ಸಾಲಾಗಿ ಜೋಡಿಸಿದರು. ಪೆನ್ನಿ ಕೆಂಪು, ನಾಲ್ಕು ಪೆನ್ಸ್ ನೀಲಿ. ಜೋಡಿಸುವಾಗ ಪೆನ್ನಿಯ ಒಂದು ಅಚ್ಚು ನಾಲ್ಕು ಪೆನ್ಸಿನ ಸಾಲಿಗೆ ಸೇರಿತು, ಆ ಕಡೆಯದು ಈ ಕಡೆಗೆ ಬಂತು. ಹಾಗಾಗಿ ನೀಲಿ ಪೆನ್ನಿ, ಕೆಂಪು ನಾಲ್ಕು ಪೆನ್ಸ್ ಹುಟ್ಟಿದವು. ಆ ಚೀಟಿಗಳನ್ನು ಬಿಡಿ ಬಿಡಿಯಾಗಿ ಜೋಡಿಸಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ತಮಾಷೆ ಏನೆಂದರೆ, ಹೆಸರಾಂತ ತಪ್ಪುಗಳ ಹೆಸರೇ ಕೆಲವು ಸಲ ತಪ್ಪು. ಪಶ್ಚಿಮ ಆಸ್ಟ್ರೇಲಿಯಾದ ‘ತಲೆಕೆಳಗಾದ ಹಂಸ’ ಅಂಥದ್ದು. 1855ರ ನಾಲ್ಕು ಪೆನ್ಸ್ ನೀಲಿ ಚೀಟಿ ಅದು. ಪರ್ತ್‌ನಲ್ಲಿ ಆಲ್‌ಫ್ರೆಡ್ ಹಿಲ್‌ಮನ್ ಹಳೆಯ ಕಲ್ಲನ್ನು ಮತ್ತೆ ಹೊರಗೆ ತೆಗೆದಾಗ ಎರಡು ಚೀಟಿಯ ಚೌಕಟ್ಟು ಹಾಳಾಗಿತ್ತು. ಅವುಗಳನ್ನು ಹೊಸದಾಗಿ ಕೂರಿಸಿದರು. ಒಂದು ಸೊಟ್ಟಗೆ ಕೂತಿತು, ಇನ್ನೊಂದು ಪೂರ್ತಿ ಉಲ್ಟಾ. ಅಂದರೆ ತಿರುಗಿದ್ದು ಹಂಸವಲ್ಲ, ಚೌಕಟ್ಟು! ಹಂಸ ಅಕ್ಕಪಕ್ಕದ ಹಂಸಗಳ ಹಾಗೆ ನೆಟ್ಟಗೇ ಈಜುತ್ತಿದೆ. ನಾವು ಅಕ್ಷರ ಓದಲು ಚೀಟಿಯನ್ನು ತಿರುಗಿಸುತ್ತೇವೆ, ಆಗ ಹಂಸ ಮಗುಚಿದಂತೆ ಕಾಣುತ್ತದೆ. ಪ್ರತಿ ಹಾಳೆಯಲ್ಲಿ ನಾಲ್ಕರಂತೆ 97 ಹಾಳೆಯಲ್ಲಿ 388 ಚೀಟಿ ಹೀಗೆ ಅಚ್ಚಾದವು. ಉಳಿದಿರುವುದು ಹದಿನೈದರ ಹತ್ತಿರ.

ಮಾರಿಷಸ್ಸಿನ ಕಥೆ ಇನ್ನೂ ವಿಚಿತ್ರ. 1847ರಲ್ಲಿ ಜೋಸೆಫ್ ಬರ್ನಾರ್ಡ್ ಎಂಬ ಕೆತ್ತನೆಗಾರ ಒಂದು ಪೆನ್ನಿ, ಎರಡು ಪೆನ್ಸ್ ಚೀಟಿಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿದ. ಒಂದೊಂದರಲ್ಲಿ 500 ಅಚ್ಚಾದವು. ಅವುಗಳ ಮೇಲೆ ‘ಪೋಸ್ಟ್ ಆಫೀಸ್’ ಎಂದಿದೆ. ಮುಂದಿನ ವರ್ಷದ ಚೀಟಿಗಳಲ್ಲಿ ‘ಪೋಸ್ಟ್ ಪೇಯ್ಡ್’ ಎಂದಿದೆ. ಸರಿ, ಮೊದಲನೆಯದು ಬರ್ನಾರ್ಡನ ಮರೆವು ಅಂತ ಕಥೆ ಹುಟ್ಟಿತು. ಅದು ಬಾಯಿಂದ ಬಾಯಿಗೆ ಬೆಳೆದು ಈಗಲೂ ಓಡಾಡುತ್ತಿದೆ. ಆದರೆ ಆ ದ್ವೀಪದ ಆಗಿನ ಅಂಚೆ ಮೊಹರುಗಳಲ್ಲೂ ‘ಪೋಸ್ಟ್ ಆಫೀಸ್’ ಎಂದೇ ಇತ್ತು. ಆತ ಮರೆತದ್ದು ಏನೂ ಇಲ್ಲ. ಬರ್ನಾರ್ಡನ ನಿಜವಾದ ತಪ್ಪು ಬೇರೆ ಕಡೆ ಇದೆ. ‘ಪೋಸ್ಟ್ ಪೇಯ್ಡ್’ ಎರಡು ಪೆನ್ಸಿನ ತಗಡಿನಲ್ಲಿ ಆತ 12 ಚೀಟಿಗಳನ್ನು ಒಂದೊಂದಾಗಿ ಕೈಯಲ್ಲೇ ಕೆತ್ತಿದ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಏಳನೆಯದಕ್ಕೆ ಬಂದಾಗ ‘ಪೆನ್ಸ್’ ಎಂಬ ಪದದ ಇಂಗ್ಲಿಷ್ ‘ಸಿ’ ಮುಚ್ಚಿಕೊಂಡು ‘ಓ’ ಆಯಿತು. ಭೂತಗನ್ನಡಿ ಹಿಡಿದು ಆ ಅಕ್ಷರ ನೋಡಿದರೆ ಆ ಕೈ ಎಷ್ಟು ದಣಿದಿತ್ತೋ ಅನ್ನಿಸುತ್ತದೆ.

ಇಂಡಿಯಾದ ಚೀಟಿಗಳು 1855ರಿಂದ ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾಗತೊಡಗಿದವು. ಅಲ್ಲಿಂದ ತಪ್ಪುಗಳು ಅಪರೂಪವಾದವು. ಮತ್ತೆ ತಲೆಹಾಕಿದ್ದು 1884ರ ನಂತರ, ಒಪ್ಪಂದದಂತೆ ಸಂಸ್ಥಾನಗಳ ಹೆಸರನ್ನು ಆ ಚೀಟಿಗಳ ಮೇಲೆ ಕಲ್ಕತ್ತೆಯಲ್ಲಿ ಒತ್ತಲು ಶುರುಮಾಡಿದಾಗ. ಇಲ್ಲಿ ಅಚ್ಚುಮೊಳೆ ಜೋಡಿಸುವವರ ಕೈ ಕಾಣುತ್ತದೆ. ಚಂಬಾದ ಇಂಗ್ಲಿಷ್ ಕಾಗುಣಿತದಲ್ಲಿ ‘ಎ’, ‘ಎಂ’ ಅದಲುಬದಲು. ‘ಸ್ಟೇಟ್’ ಪದದ ‘ಎಸ್’ ಇರಬೇಕಾದ ಕಡೆ 8 ಎಂಬ ಅಂಕಿ. ಗ್ವಾಲಿಯರ್‌ನ ‘ಓ’ ಹೋಗಿ ‘ಸಿ’. ಪಟಿಯಾಲಾದ ಮೊದಲಕ್ಷರ ‘ಪಿ’ ಬದಲು ‘ಎ’. ತಲೆಕೆಳಗಾದ ರಾಣಿಯ ಚೀಟಿಗಳಷ್ಟು ದುಬಾರಿಯಲ್ಲದಿದ್ದರೂ ನನಗೆ ಇವೇ ಜಾಸ್ತಿ ಇಷ್ಟ. ಹೊಸಬರು ಇಲ್ಲಿಂದಲೇ ಶುರುಮಾಡಬಹುದು.

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಮಸಿ ಚುಕ್ಕಿ ಬಿದ್ದದ್ದು, ಬಣ್ಣ ಚೂರು ಜಾರಿದ್ದು, ಸುಮ್ನೆ ತೆಳುವಾಗಿ ಒತ್ತಿದ್ದು, ಇವನ್ನೆಲ್ಲ ‘ಅಪರೂಪದ ತಪ್ಪು’ ಅಂತ ಮಾರುವವರಿದ್ದಾರೆ. ಅದಕ್ಕೆ ದುಡ್ಡು ಸುರಿಯಬೇಡಿ. ಓವರ್‌ಪ್ರಿಂಟ್ (ಅಚ್ಚಾದ ಚೀಟಿಯ ಮೇಲೆ ಆಮೇಲೆ ಒತ್ತಿದ ಅಕ್ಷರ) ತಪ್ಪಾದರೆ ಪಕ್ಕದ ಸರಿಯಾದ ಚೀಟಿಯೂ ಸೇರಿದ ಜೋಡಿ ಸಿಗುತ್ತದಾ ನೋಡಿ. ಒಂಟಿ ಚೀಟಿಯ ಮೇಲೆ ಅಕ್ಷರ ತಿದ್ದುವುದು ಸುಲಭ, ಜೋಡಿಯಲ್ಲಿ ಕಷ್ಟ.

ನಾಲ್ಕಾಣೆಯ ವಿಷಯದಲ್ಲಿ ಕಲ್ಲೇ ಕಾವಲು. ಕಲ್ಲಿನ ಮೇಲೆ ಆ ತಲೆಗಳನ್ನು ಒಂದೊಂದಾಗಿ ಇಳಿಸಿದ್ದರಿಂದ ಯಾವ ಎರಡೂ ಪೂರ್ತಿ ಒಂದೇ ಥರ ಇಲ್ಲ. ಒಂದರಲ್ಲಿ ಕೂದಲಿನ ಗೆರೆ ತುಂಡಾಗಿರುತ್ತದೆ, ಇನ್ನೊಂದರಲ್ಲಿ ಕತ್ತಿನ ಹತ್ತಿರ ಒಂದು ಚುಕ್ಕಿ. ಚೌಕಟ್ಟುಗಳಿಗೂ ಇದೇ ಮಾತು. ಹಾಳೆ ಉಲ್ಟಾ ಹೋದಾಗ ಮೊದಲ ಚೌಕಟ್ಟಿಗೆ ಹನ್ನೆರಡನೇ ತಲೆ ಸಿಗುತ್ತದೆ, ಎರಡನೆಯದಕ್ಕೆ ಹನ್ನೊಂದನೆಯದು. ಬಲ್ಲವರು ಮೊದಲು ನೋಡುವುದು ರಾಣಿ ಮಗುಚಿದ್ದಾಳಾ ಅಂತ ಅಲ್ಲ, ಈ ಚೌಕಟ್ಟಿಗೆ ಈ ತಲೆ ಬರಲು ಸಾಧ್ಯವಾ ಅಂತ.